ಬೋರ್ಡ್ ಹೋಗಿಲ್ಲ, ಚಿಪ್ ಮೇಲಿನ ನಂಬರ್ ಓದ್ರಿ

ದಾವಣಗೆರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಇವತ್ತು ಕಂಡಿದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪ್ರಿಂಟಿಂಗ್ ಪ್ರೆಸ್ ನಡೆಸೋ ಹಿರಿಯರೊಬ್ಬರು ಹಳೇ ಕ್ಯಾಬಿನೆಟ್ ಹೊತ್ತು ತಂದಿದ್ದರು. ಒಳಗೆ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ (ಪ್ರೊಸೆಸರ್, ಮೆಮೊರಿ ಎಲ್ಲ ಬೆಸೆಯೋ ಚಿಪ್ಪುಗಳು) ಇರೋ ಬೋರ್ಡ್, ಪೆಂಟಿಯಂ 3, ವಿಂಡೋಸ್ 98. ಇದ್ದ 64 ಎಂಬಿ ಮೆಮೊರಿ (ರ‍್ಯಾಮ್) ಸಾಲದೆ ಅದನ್ನ ತೆಗೆದು, ಅದೇ ಅಂಗಡಿಯಿಂದ 256 ಎಂಬಿ ಮೆಮೊರಿ ಸ್ಟಿಕ್ ಒಯ್ದು ಹಾಕಿದ್ದಾರೆ, ಮಷೀನ್ 128 ತೋರಿಸಿದೆ. ಕೌಂಟರಿನ ಹುಡುಗ ಸ್ಟಿಕ್ಕನ್ನ ತಿರುಗಿಸಿಯೂ ನೋಡಲಿಲ್ಲ. "ಯಜಮಾನ್ರೇ, ಸ್ಟಿಕ್ ಚಲೋ ಐತ್ರಿ. ನಿಮ್ಮ ಬೋರ್ಡ್ ಹೋಗೈತೆ, ಗುಜರಿಗೆ ಹಾಕಿ ಹೊಸದು ತಗಳ್ರಿ" ಅಂದುಬಿಟ್ಟ.

ಬೋರ್ಡ್ ಹೋಗಿಲ್ಲ. ಸ್ಟಿಕ್ ಕೂಡ ಹೋಗಿಲ್ಲ. ಆ ಬೋರ್ಡಿಗೆ ಆ ಸ್ಟಿಕ್ ಹೊಂದಲ್ಲ, ಅಷ್ಟೇ. ಅದನ್ನ ಮಾರುವ ಮೊದಲೇ ಹೇಳಬಹುದಿತ್ತು. ಸ್ಟಿಕ್ ಮೇಲಿನ ಕರಿ ಚಿಪ್ಪುಗಳನ್ನ ಎಣಿಸಿ, ಅದರ ಮೇಲಿನ ನಂಬರ್ ಓದಿದ್ದರೆ ಸಾಕಿತ್ತು.

440ಬಿಎಕ್ಸ್ 1998ರಲ್ಲಿ ಬಂದ ಚಿಪ್‌ಸೆಟ್. ಅದರ ಮಟ್ಟಿಗೆ "256 ಎಂಬಿ ಎಸ್‌ಡಿರ‍್ಯಾಮ್" (ಆ ಕಾಲದ ಮೆಮೊರಿ ಜಾತಿ) ಅನ್ನೋದು ಒಂದೇ ವಸ್ತು ಅಲ್ಲ. ಮೆಮೊರಿ ದಾರಿ 64 ಬಿಟ್ ಅಗಲ ಇರುತ್ತೆ. ಒಂದು ಚಿಪ್ 8 ಬಿಟ್ ಕೊಟ್ಟರೆ ಒಂದು ಸಾಲಿಗೆ 8 ಚಿಪ್ ಬೇಕು. ಪ್ರತಿ ಚಿಪ್ 128 ಮೆಗಾಬಿಟ್ ಆದರೆ 8 ಚಿಪ್ಪಿಗೆ 128 ಎಂಬಿ (8 ಬಿಟ್ ಸೇರಿ ಒಂದು ಬೈಟ್), ಎರಡೂ ಕಡೆ ಸೇರಿ 16 ಚಿಪ್ಪಿಗೆ 256 ಎಂಬಿ. ಈ 16 ಚಿಪ್ಪಿನ ಸ್ಟಿಕ್ ಬಿಎಕ್ಸ್‌ನಲ್ಲಿ ಪೂರ್ತಿ ಓಡುತ್ತೆ. ಆಮೇಲೆ 256 ಮೆಗಾಬಿಟ್ ಚಿಪ್ ಬಂದವು, ಒಂದೇ ಕಡೆ 8 ಚಿಪ್ ಕೂರಿಸಿದರೂ 256 ಎಂಬಿ ಆಗುತ್ತೆ. ಆದರೆ ಆ ಚಿಪ್ಪಿನ ಒಳಗಿನ ಎಲ್ಲಾ ಜಾಗ ಮುಟ್ಟೋಕೆ 13 ರೋ (ಅಡ್ಡಸಾಲು) ವಿಳಾಸದ ಗೆರೆ ಬೇಕು. ಬಿಎಕ್ಸ್ ಹತ್ತಿರ ಇರೋದು 12. ಒಂದು ಗೆರೆ ಕಮ್ಮಿ ಅಂದರೆ ಸರಿಯಾಗಿ ಅರ್ಧ ಜಾಗ ಕಾಣಲ್ಲ. 256ರ ಬದಲು 128 ಬರೋದು ಅದಕ್ಕೇ. ಕೆಲವು ಬೋರ್ಡ್ ಬೂಟೇ ಆಗಲ್ಲ. ಬಯಾಸ್ (ಬೋರ್ಡಿನಲ್ಲೇ ಇರೋ, ಮಷೀನ್ ಶುರು ಮಾಡೋ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೂ ಪ್ರಯೋಜನವಿಲ್ಲ, ಇಲ್ಲದ ಗೆರೆಯನ್ನ ಸಾಫ್ಟ್‌ವೇರ್ ತಂದು ಕೊಡಲ್ಲ. ಅದೇ ಕಾರಣಕ್ಕೆ 512 ಎಂಬಿ ಸ್ಟಿಕ್ ಹಾಕಿದರೆ ಅಲ್ಲಿ ಹೆಚ್ಚೆಂದರೆ 256 ಸಿಗುತ್ತೆ.

ಇನ್ನು ನಂಬರ್ ಓದೋದು. ಚಿಪ್ ಮೇಲೆ ಲೇಸರಿನಲ್ಲಿ ಸಣ್ಣಗೆ ಕೆತ್ತಿರುತ್ತಾರೆ, ನೇರ ಬೆಳಕಿಗೆ ಕಾಣಲ್ಲ. ಮೊಬೈಲ್ ಟಾರ್ಚನ್ನ ಸ್ಟಿಕ್ ಪಕ್ಕಕ್ಕೆ, ಹೆಚ್ಚುಕಮ್ಮಿ ಮಲಗಿಸಿ ಹಿಡಿದರೆ ಅಕ್ಷರ ಎದ್ದು ಕಾಣುತ್ತೆ. ಸ್ಯಾಮ್‌ಸಂಗ್ ಆದರೆ ಕೆ4ಎಸ್280832 ಅಂತ ಇದ್ದರೆ ಕೆ4ಎಸ್ ಅಂದರೆ ಎಸ್‌ಡಿರ‍್ಯಾಮ್, 28 ಅಂದರೆ 128 ಮೆಗಾಬಿಟ್, 08 ಅಂದರೆ 8 ಬಿಟ್ ಅಗಲ. ಬಿಎಕ್ಸ್‌ಗೆ ಇದು ಬೇಕು. ಅದೇ ಜಾಗದಲ್ಲಿ 56 ಇದ್ದರೆ 256 ಮೆಗಾಬಿಟ್, ಅದು ಬೇಡ. ಹೈನಿಕ್ಸ್‌ನಲ್ಲಿ ಎಚ್‌ವೈ57ವಿ28820 ಒಳ್ಳೇದು, ಎಚ್‌ವೈ57ವಿ56820 ಬೇಡ. ಮೈಕ್ರಾನ್‌ನವರು ಇನ್ನೂ ಬಿಡಿಸಿ ಬರೆದಿದ್ದಾರೆ: ಎಂಟಿ48ಎಲ್‌ಸಿ16ಎಂ8 ಅಂದರೆ 16 ಮೆಗಾ ಗುಣಿಸು 8, ಅಂದರೆ 128 ಮೆಗಾಬಿಟ್. 32ಎಂ8 ಇದ್ದರೆ ವಾಪಸ್ ಕೊಡಿ. ಬರೀ 4 ಚಿಪ್ ಇರೋ 128 ಎಂಬಿ ಸ್ಟಿಕ್ ಸಿಕ್ಕರೂ ಬೇಡ, ಅದರಲ್ಲೂ 256 ಮೆಗಾಬಿಟ್ ಚಿಪ್ಪೇ ಇರೋದು.

ಇಷ್ಟನ್ನ ಕೌಂಟರಿನ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಬಹುದು. ಓದೋಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ಕೊಡದೆ ಒಬ್ಬರ ಮಷೀನನ್ನ ಗುಜರಿ ಅಂತ ತೀರ್ಪು ಕೊಡ್ತಾರಲ್ಲ, ಅದನ್ನ ಸಹಿಸೋಕೆ ಆಗಲ್ಲ ನನಗೆ.

ಪಿಸಿ100 (ಅಂದರೆ 100 ಮೆಗಾಹರ್ಟ್ಸ್ ವೇಗದ) ಬೋರ್ಡಿಗೆ ಪಿಸಿ133 ಸ್ಟಿಕ್ ಹಾಕಬಹುದಾ ಅಂತ ತುಂಬಾ ಜನ ಕೇಳ್ತಾರೆ. ಧಾರಾಳವಾಗಿ ಹಾಕಬಹುದು, 100 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ. ಪಿಸಿ66 ಸ್ಟಿಕ್ಕನ್ನ 100ರಲ್ಲಿ ಓಡಿಸೋಕೆ ಹೋಗಬೇಡಿ. ಒಂದು ದಿನ ನಡೆದ ಹಾಗೆ ಕಂಡರೂ ಫೈಲ್ ಕೆಡಿಸುತ್ತೆ. ನೋಡಿದಿರಾ, ಇಲ್ಲಿ ವೇಗಕ್ಕಿಂತ ಚಿಪ್ಪಿನ ಸಾಂದ್ರತೆ (ಒಂದು ಚಿಪ್ಪಿನಲ್ಲಿ ಎಷ್ಟು ಮೆಗಾಬಿಟ್ ಅನ್ನೋದು) ಮುಖ್ಯ. ಅಂಗಡಿಯಲ್ಲಿ ಮಾತ್ರ ವೇಗ ಮತ್ತು ಎಂಬಿ ಬಿಟ್ಟು ಮೂರನೇ ಪ್ರಶ್ನೆ ಯಾರೂ ಕೇಳಲ್ಲ.

"ಪೆಂಟಿಯಂ 3 ರ‍್ಯಾಮ್ ಕೊಡಿ" ಅಂತ ಕೇಳೋದು ಕೂಡ ತಪ್ಪು ಪ್ರಶ್ನೆ. ಅದೇ ಪೆಂಟಿಯಂ 3 ಕೂರೋ ಇಂಟೆಲ್ 815 ಬೋರ್ಡ್ 256 ಮೆಗಾಬಿಟ್ ಚಿಪ್ಪನ್ನ ಚೆನ್ನಾಗಿ ಗುರುತಿಸುತ್ತೆ, ಆದರೆ ಒಟ್ಟು 512 ಎಂಬಿ ದಾಟಲ್ಲ. ವಿಯಾ 694ಎಕ್ಸ್ ಆದರೆ ಒಂದೇ ಸ್ಟಿಕ್ 512 ಇದ್ದರೂ ತಗೊಳ್ಳುತ್ತೆ. ಇಲ್ಲಿ ಪ್ರೊಸೆಸರ್ ಹೆಸರಲ್ಲ, ಚಿಪ್‌ಸೆಟ್ ಹೆಸರು ಗೊತ್ತಿರಬೇಕು. ಬೋರ್ಡಿನ ಮಾಡೆಲ್ ನಂಬರ್ ಸಾಮಾನ್ಯವಾಗಿ ಪಿಸಿಐ ಸ್ಲಾಟ್‌ಗಳ ಮಧ್ಯೆ ಅಚ್ಚಾಗಿರುತ್ತೆ. ಅದು ಅಳಿಸಿದ್ದರೆ, ಆನ್ ಮಾಡಿದ ತಕ್ಷಣ ಕೀಬೋರ್ಡಿನ ಪಾಜ್ (Pause) ಕೀ ಒತ್ತಿ ಪರದೆ ನಿಲ್ಲಿಸಿ, ಕೆಳಗಿನ ಉದ್ದ ಸಾಲು ಬರೆದುಕೊಳ್ಳಿ. ಅವಾರ್ಡ್ ಬಯಾಸ್ ಆದರೆ ಅದರಲ್ಲಿ 2ಎ69ಕೆ ಇದ್ದರೆ 440ಬಿಎಕ್ಸ್ ಅಥವಾ ಅದರ ತಮ್ಮ ಝಡ್‌ಎಕ್ಸ್, 2ಎ59ಐ ಇದ್ದರೆ 430ಟಿಎಕ್ಸ್.

430ಟಿಎಕ್ಸ್ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಮಂಡಿಯಲ್ಲಿ, ಚಳ್ಳಕೆರೆ ಕಡೆ ಎಣ್ಣೆ ಮಿಲ್ಲುಗಳಲ್ಲಿ ಅಂಥ ಪೆಂಟಿಯಂ ಇನ್ನೂ ಎಲ್ಲಾದರೂ ಉಸಿರಾಡ್ತಿದ್ದರೆ ಮೆಮೊರಿ 64 ಎಂಬಿಗೆ ನಿಲ್ಲಿಸಿ. ಬೋರ್ಡ್ 256 ಎಂಬಿ ತನಕ ತಗೊಳ್ಳುತ್ತೆ ನಿಜ. ಆದರೆ ಅದರ ಎಲ್2 ಕ್ಯಾಶ್ (ಪ್ರೊಸೆಸರಿಗೆ ಬೇಗ ಸಿಗೋ ಚಿಕ್ಕ ಮೆಮೊರಿ) ಕಾಯೋದು ಮೊದಲ 64 ಎಂಬಿಯನ್ನ ಮಾತ್ರ. ವಿಂಡೋಸ್ 98 ಮೆಮೊರಿಯನ್ನ ಮೇಲಿನ ತುದಿಯಿಂದ ಬಳಸುತ್ತಾ ಬರುತ್ತೆ, ಅಂದರೆ ಕ್ಯಾಶ್ ಇಲ್ಲದ ಕಡೆಯಿಂದ. 64 ದಾಟಿಸಿದರೆ ಮಷೀನ್ ನಿಧಾನ ಆಗಬಹುದು. ಅದಕ್ಕೂ ಹಳೇ 72 ಪಿನ್ ಸಿಮ್ (ಫೋನಿನ ಸಿಮ್ ಅಲ್ಲ, ಹಳೇ ಮಾದರಿ ಮೆಮೊರಿ ಸ್ಟಿಕ್) ಬೋರ್ಡ್ ಆದರೆ ಪೆಂಟಿಯಂಗೆ ಸಾಮಾನ್ಯವಾಗಿ ಜೋಡಿ ಬೇಕು, ಯಾಕಂದರೆ ಒಂದು ಸಿಮ್ 32 ಬಿಟ್, ಬೋರ್ಡ್ 64. ಎರಡೂ ಒಂದೇ ಸೈಜು, ಒಂದೇ ಜಾತಿ. 486ಕ್ಕೆ ಒಂದು ಸಾಕು, ಅಲ್ಲಿ ಇಡಿಓ ಬದಲು ಎಫ್‌ಪಿಎಂ (ಎರಡೂ ಆಗಿನ ಮೆಮೊರಿ ಜಾತಿ) ಹುಡುಕಿ. ಓರೆಯಾಗಿ ಇಟ್ಟು ಎತ್ತಿ ನಿಲ್ಲಿಸಬೇಕು, ನೇರ ಒತ್ತಿದರೆ ಪಕ್ಕದ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತೆ. ಮುರಿದರೆ ಆ ಸ್ಲಾಟ್ ಕಥೆ ಮುಗಿದ ಹಾಗೇ.

ಈಗ ಒಂದು ಮಾತು ಬಂದೇ ಬರುತ್ತೆ, ಗೊತ್ತು. "ಈ ಕಾಲದಲ್ಲಿ ಯಾಕ್ರೀ ಇದೆಲ್ಲ, ಒಂದು ಹೊಸ ಕಂಪ್ಯೂಟರ್ ತಗೊಂಡರೆ ಮುಗೀತಲ್ಲ?" ಮುಗಿಯಲ್ಲ. ಆ ಪ್ರೆಸ್ಸಿನವರ ಡಿಟಿಪಿ ಸಾಫ್ಟ್‌ವೇರಿನ ಡಾಂಗಲ್ (ಅದು ಇಲ್ಲದೆ ಸಾಫ್ಟ್‌ವೇರ್ ತೆರೆಯಲ್ಲ) ಹಳೇ ಪ್ರಿಂಟರ್ ಹಾಕೋ ಪ್ಯಾರಲಲ್ ಪೋರ್ಟಿಗೆ ಕೂರೋದು. ಹೊಸ ಬೋರ್ಡಿನಲ್ಲಿ ಆ ಪೋರ್ಟ್ ಎಲ್ಲಿದೆ? ಯುಎಸ್‌ಬಿ ಕನ್ವರ್ಟರ್ ಹಾಕಿದರೆ ಪ್ರಿಂಟರ್ ಓಡಬಹುದು, ಹಳೇ ಡಾಂಗಲ್ ಸಾಮಾನ್ಯವಾಗಿ ಓಡಲ್ಲ. ಹಳೇ ಕನ್ನಡ ಫಾಂಟಿನಲ್ಲಿ ಮಾಡಿಟ್ಟ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಕರಪತ್ರ ಯಾವುದೂ ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಹೊಸ ಮಷೀನಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರ ಬರುತ್ತೆ. ಐಎಸ್‌ಎ ಕಾರ್ಡಿನಿಂದ (ಹಳೇ ಮಾದರಿ ಸ್ಲಾಟಿಗೆ ಕೂರೋ ಕಾರ್ಡು) ಓಡೋ ಮಷೀನ್ ಇಟ್ಟುಕೊಂಡವರ ಕಥೆ ಇನ್ನೂ ಕಷ್ಟ, ಕಾರ್ಡ್ ಹಾಕೋಕೆ ಸ್ಲಾಟೇ ಇಲ್ಲ. ಹೊಸದು ತಗೊಳ್ಳಿ ಅನ್ನೋದು ಸುಲಭ. ತಗೊಂಡ ಮೇಲೆ ನಿಂತುಹೋದ ಕೆಲಸಕ್ಕೆ ಉತ್ತರ ಹೇಳೋರು ಯಾರು?

ಅಂಗಡಿಯವರಿಗೆ ಇದರಲ್ಲಿ ಲಾಭ ಏನೂ ಇಲ್ಲ ಅಂತೀರಿ. ಒಪ್ಪಿದೆ, ಹಳೇ ಸ್ಟಿಕ್ಕಿನಲ್ಲಿ ಉಳಿಯೋದು ಎಷ್ಟು? ಹಾಗಾದರೆ "ನಮಗೆ ಗೊತ್ತಿಲ್ಲ, ಬೇರೆ ಕಡೆ ಕೇಳಿ ನೋಡ್ರಿ" ಅನ್ನಲಿ. ಬೋರ್ಡ್ ಹೋಗೈತೆ ಅನ್ನೋದು ಬೇಡ.

ಇದು ಬರೀ ಓಬೀರಾಯನ ಕಾಲದ ಮಷೀನುಗಳ ಗೋಳು ಅಂದುಕೊಳ್ಳಬೇಡಿ. ಇದೇ ಆಟ ಪ್ರತಿ ತಲೆಮಾರಿನಲ್ಲೂ ನಡೆದಿದೆ. ಇಂಟೆಲ್ 845, 865 ಚಿಪ್‌ಸೆಟ್ ಬೋರ್ಡಿಗೆ 1 ಜಿಬಿ ಡಿಡಿಆರ್ (ಮುಂದಿನ ತಲೆಮಾರಿನ ಮೆಮೊರಿ) ಹುಡುಕಿದರೆ ಎರಡು ಜಾತಿ ಸಿಗುತ್ತೆ, ಎರಡರಲ್ಲೂ 16 ಚಿಪ್. ಇಲ್ಲಿ ಎಣಿಸಿ ಪ್ರಯೋಜನವಿಲ್ಲ, ಓದಲೇಬೇಕು. ಸ್ಯಾಮ್‌ಸಂಗ್ ಕೆ4ಎಚ್510838 ಆದರೆ 8 ಬಿಟ್ಟಿನ ಚಿಪ್, ಓಡುತ್ತೆ. ಕೆ4ಎಚ್510438 ಆದರೆ 4 ಬಿಟ್ಟಿನದು, ಇಂಟೆಲ್ ಬೋರ್ಡಿನಲ್ಲಿ ಬೀಪ್ ಹೊಡೆಯುತ್ತೆ, ಇಲ್ಲವೇ ಅರ್ಧ ತೋರಿಸುತ್ತೆ. ಒಂದು ಅಂಕಿಯ ವ್ಯತ್ಯಾಸ! ಡಿಡಿಆರ್2ಗೆ ಬಂದರೆ "ಎಎಂಡಿಗೆ ಮಾತ್ರ" ಅಂತ ಅಗ್ಗಕ್ಕೆ ಸಿಗೋ ಸ್ಟಿಕ್ಕುಗಳೂ 4 ಬಿಟ್ ಚಿಪ್ಪಿನವೇ. ಅವಕ್ಕೆ 11 ಕಾಲಂ (ಉದ್ದಸಾಲು) ವಿಳಾಸ ಬೇಕು, 945, ಜಿ31 ಥರದ ಇಂಟೆಲ್ ಬೋರ್ಡು 10ನ್ನೇ ನಂಬಿ ಕೂತಿರುತ್ತೆ. ಜಿ31ಗೆ ಒಂದು ಸ್ಲಾಟಿಗೆ 2 ಜಿಬಿ, ಒಟ್ಟು 4 ಜಿಬಿ, ಅದಕ್ಕಿಂತ ದೊಡ್ಡ ಸ್ಟಿಕ್ ತರಬೇಡಿ. ಡಿಡಿಆರ್3 ಇರೋ ಜಿ41 ಬೋರ್ಡಿಗೆ 4 ಜಿಬಿ ಸ್ಟಿಕ್ ಬೇಕಾದರೆ 16 ಚಿಪ್ಪಿನದೇ ಆಗಬೇಕು. 8 ಚಿಪ್ಪಿನ 4 ಜಿಬಿ ಹಾಕಿದರೆ ಪರದೆ ಕಪ್ಪು. ಆಗಲೂ ಅದೇ ತೀರ್ಪು: ಬೋರ್ಡ್ ಹೋಗೈತೆ.

ಡಿಡಿಆರ್2, 3ರಲ್ಲಿ ಲೇಬಲ್ ಮೇಲೆ 2ಆರ್‌ಎಕ್ಸ್8 ಅಥವಾ 1ಆರ್‌ಎಕ್ಸ್8 ಥರ ಬರೆದಿರುತ್ತೆ, ಕೊನೆಯಲ್ಲಿ 8 ಇರಬೇಕು, ಅದು ಚಿಪ್ಪಿನ ಬಿಟ್ ಅಗಲ. ಪಿಸಿ2-5300 ಆದಮೇಲೆ ಯು ಇದ್ದರೆ ಸಾಮಾನ್ಯ ಡೆಸ್ಕ್‌ಟಾಪ್ ಮೆಮೊರಿ, ಆರ್ ಇದ್ದರೆ ರಿಜಿಸ್ಟರ್ಡ್, ಎಫ್ ಇದ್ದರೆ ಫುಲ್ಲಿ ಬಫರ್ಡ್. ಈ ಎರಡೂ ಸರ್ವರ್‌ಗಳಿಂದ ಕಿತ್ತಿದ್ದು, ನಿಮ್ಮ ಬೋರ್ಡಿಗೆ ಬೇಡ. ಲೇಬಲ್ ಹೊಸದಾಗಿ ಅಂಟಿಸಿದ ಹಾಗಿದ್ದರೆ ಅದನ್ನ ನಂಬಬೇಡಿ, ಚಿಪ್ಪನ್ನೇ ಓದಿ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸೋದಾದರೆ ಸ್ಟಿಕ್ಕಿನ ಎರಡೂ ಕಡೆಯ ಫೋಟೋ ಮೊದಲೇ ಕೇಳಿ. ಚಿಪ್ ಮೇಲಿನ ಅಕ್ಷರ ಓದೋ ಹಾಗೆ ಇರಬೇಕು. "ಓಡುತ್ತೆ ಸಾರ್" ಅನ್ನೋದು ಫೋಟೋ ಅಲ್ಲ. ಓಡದಿದ್ದರೆ ವಾಪಸ್ ತಗೊಳ್ತೀರಾ ಅಂತ ದುಡ್ಡು ಹಾಕೋ ಮೊದಲೇ ಕೇಳಿಕೊಳ್ಳಿ.

ಸರಿಯಾದ ಸ್ಟಿಕ್ ಸಿಕ್ಕ ಮೇಲೂ ಕಾಣದಿದ್ದರೆ ಆಗಲೂ ಬೋರ್ಡಿನ ಮೇಲೆ ಹೋಗಬೇಡಿ. ನಮ್ಮ ಕಡೆ ಧೂಳು ಯಾವ ಥರ ಅಂತ ಗೊತ್ತಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಂಡಿ ಆಫೀಸಿನ ಸಿಪಿಯು ಬಿಚ್ಚಿದರೆ ಸ್ಲಾಟಿನ ತಳದಲ್ಲಿ ಹಳದಿ ಹೊಟ್ಟು ಹಿಟ್ಟಿನ ಹಾಗೆ ಕೂತಿರುತ್ತೆ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮೆತ್ತನೆ ಬ್ರಷ್ಷಿನಿಂದ ಸ್ಲಾಟ್ ಕ್ಲೀನ್ ಮಾಡಿ, ಬ್ಲೋವರ್ ಹಿಡಿಯಿರಿ. ಸ್ಟಿಕ್ಕಿನ ಚಿನ್ನದ ಬಣ್ಣದ ಪಟ್ಟಿಗಳನ್ನ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ರಬ್ಬರಿನ ಪುಡಿ ಸ್ಲಾಟಿಗೆ ಬೀಳಬಾರದು. ಪಾಲಿಶ್ ಪೇಪರ್ ಮಾತ್ರ ದಮ್ಮಯ್ಯ ಅಂತೀನಿ, ಮುಟ್ಟಬೇಡಿ. ಲೇಪ ತೆಳು, ಒಮ್ಮೆ ಹೋದರೆ ಕೆಳಗಿನ ಲೋಹ ತುಕ್ಕು ಹಿಡಿಯುತ್ತೆ, ಮತ್ತೆ ಅದೇ ಸಮಸ್ಯೆ ವಾಪಸ್ಸು.

ಒಂದೇ ಸ್ಟಿಕ್, ಮೊದಲನೇ ಸ್ಲಾಟ್, ಬಯಾಸ್‌ನಲ್ಲಿ ಡಿಫಾಲ್ಟ್ ಸೆಟ್ಟಿಂಗ್. ಎಸ್‌ಡಿರ‍್ಯಾಮ್ ಆದರೆ ಕ್ಯಾಸ್ (ಮೆಮೊರಿ ಉತ್ತರ ಕೊಡೋಕೆ ತಗೊಳ್ಳೋ ಸಮಯ) 3ಕ್ಕೆ ಇಟ್ಟು ಶುರು ಮಾಡಿ. ಆಮೇಲೆ ಮೆಮ್‌ಟೆಸ್ಟ್86+ (ಮೆಮೊರಿ ಪರೀಕ್ಷಿಸೋ ಪ್ರೋಗ್ರಾಂ) ಹಾಕಿ ರಾತ್ರಿಯಿಡೀ ಬಿಡಿ. ತಪ್ಪು ತೋರಿಸೋ ಕೆಂಪು ಸಾಲು ಬಂದರೆ ಅದೇ ಸ್ಟಿಕ್ಕನ್ನ ಇನ್ನೊಂದು ಬೋರ್ಡಿನಲ್ಲಿ ಪರೀಕ್ಷಿಸಿ. ಅಲ್ಲಿ ಶುದ್ಧವಾಗಿ ಓಡಿದರೆ ಈ ಬೋರ್ಡಿನಲ್ಲಿ ಪ್ರೊಸೆಸರ್ ಮತ್ತು ಸ್ಲಾಟ್ ಪಕ್ಕದ ಕೆಪಾಸಿಟರ್ ನೋಡಿ. ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಇಳಿದಿದ್ದರೆ ವೋಲ್ಟೇಜ್ ನೆಟ್ಟಗೆ ಬರ್ತಿಲ್ಲ ಅಂತ ಅರ್ಥ. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟಿನ, ಲೋ ಇಎಸ್‌ಆರ್ 105 ಡಿಗ್ರಿ ಕೆಪಾಸಿಟರ್ ಹಾಕಿಸಿ. ಇದೂ ರಿಪೇರಿ ಆಗೋ ಕೆಲಸವೇ.

ಆ ಪ್ರೆಸ್ಸಿನ ಹಿರಿಯರಿಗೆ ಬೇಕಿರೋದು 16 ಚಿಪ್ಪಿನ 256 ಎಂಬಿ ಸ್ಟಿಕ್ ಎರಡು, ಪಿಸಿ100 ಅಥವಾ ಪಿಸಿ133. ಒಟ್ಟು 512 ಎಂಬಿ ಆಗುತ್ತೆ, ಅದಕ್ಕಿಂತ ಮೇಲೆ ಹೋದರೆ ವಿಂಡೋಸ್ 98 ಮೆಮೊರಿ ಸಾಲದು ಅಂತ ಗಲಾಟೆ ಶುರು ಮಾಡುತ್ತೆ, ಆಗ ಸಿಸ್ಟಂ.ಐಎನ್‌ಐ ಫೈಲಿನ ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಮಿತಿ ಹಾಕಬೇಕಾಗುತ್ತೆ. ಅವರಿಗೆ ಅಷ್ಟು ಬೇಡ. ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಯಾರ ಅಟ್ಟದ ಮೇಲಾದರೂ ಹಳೇ ಸಿಪಿಯು ಇದ್ದರೆ ಗುಜರಿಗೆ ಹಾಕೋ ಮೊದಲು ಪಕ್ಕದ ಮುಚ್ಚಳ ಬಿಚ್ಚಿ, ಸ್ಟಿಕ್ಕಿನ ಎರಡೂ ಕಡೆ ಎಂಟೆಂಟು ಚಿಪ್ ಇದ್ದರೆ ಫೋಟೋ ಹೊಡೆದು ನನಗೆ ಕಳಿಸಿ.