ನೇಪಾಳಕ್ಕೆ ಹೊರಟವರು ಟೈಫಾಯಿಡ್ ಲಸಿಕೆ ಹಾಕಿಸಿಕೊಳ್ಳಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಹೋಗುವವರಿಗೆ ನೇಪಾಳ ಪರದೇಶ ಅಂತ ಅನ್ನಿಸುವುದೇ ಇಲ್ಲ. ವೀಸಾ ಬೇಡ, ವೋಟರ್ ಕಾರ್ಡ್ ಇದ್ದರೆ ಸಾಕು. ಸ್ವೆಟರ್, ಕಟಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲಾ ಗಂಟು ಕಟ್ಟುತ್ತಾರೆ, ಲಸಿಕೆಯ ಮಾತು ಮಾತ್ರ ಬರುವುದಿಲ್ಲ. ಕೇಳಿದರೆ, "ನಮ್ಮ ಹೊಟ್ಟಿಗೆ ಎಲ್ಲಾ ನೀರು ರೂಢಿ ಐತ್ರಿ, ಏನೂ ಆಗಂಗಿಲ್ಲ" ಅನ್ನುತ್ತಾರೆ.

ಇದು ತಪ್ಪು ಧೈರ್ಯ. ಟೈಫಾಯಿಡ್ ಕೊಳೆಯಾದ ನೀರು, ಊಟದಿಂದಲೇ ಬರುವ ಜ್ವರ. ಒಮ್ಮೆ ಟೈಫಾಯಿಡ್ ಬಂದು ಹೋದವರಿಗೂ ಅದು ಮತ್ತೆ ಬರಬಹುದು. ಅದರಲ್ಲೂ ಅಸಿಡಿಟಿಗೆಂದು ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವ ಹಿರಿಯರಿಗೆ ಅಪಾಯ ಹೆಚ್ಚು. ನೀರಿನ ಜೊತೆ ಒಳಹೋದ ರೋಗಾಣುಗಳಲ್ಲಿ ಬಹಳಷ್ಟನ್ನು ಹೊಟ್ಟೆಯ ಆಮ್ಲವೇ ಕೊಲ್ಲುತ್ತದೆ. ಈ ಮಾತ್ರೆಯಿಂದ ಆಮ್ಲ ಕಡಿಮೆಯಾದರೆ ಸ್ವಲ್ಪೇ ಸ್ವಲ್ಪ ರೋಗಾಣು ಸಾಕು, ಕರುಳು ಮುಟ್ಟುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲು ತೋಳಿಗೆ ಒಂದೇ ಇಂಜೆಕ್ಷನ್, ಅರ್ಧ ಎಂ.ಎಲ್. ಈಗ ಸಿಗುವ ಟಿಸಿವಿ (ಟೈಫಾಯಿಡ್ ಕಾಂಜುಗೇಟ್ ವ್ಯಾಕ್ಸಿನ್) ಎಂಬ ಲಸಿಕೆಯನ್ನು 6 ತಿಂಗಳ ಕೂಸಿಗೂ ಹಾಕಬಹುದು. ಇದರಲ್ಲಿ ಮೇಲಿನ ವಯೋಮಿತಿ ಬ್ರ್ಯಾಂಡ್ ಪ್ರಕಾರ ಬದಲಾಗುತ್ತದೆ, ಹಿರಿಯರು ವಿಚಾರಿಸಿಕೊಳ್ಳಬೇಕು. ಹಳೆಯ ವಿಐ ಲಸಿಕೆ 2 ವರ್ಷ ದಾಟಿದವರಿಗೆ, ಅದರ ಬಲ ಎರಡು-ಮೂರು ವರ್ಷ ಅಷ್ಟೇ. ನೇಪಾಳದ ಲಲಿತಪುರದಲ್ಲೇ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಟಿಸಿವಿ ಟೈಫಾಯಿಡನ್ನು ಶೇ. 80ರ ಆಸುಪಾಸು ತಡೆಯಿತು. ಅಂದರೆ ಪೂರ್ತಿ ಅಲ್ಲ. ಜೊತೆಗೆ ಅದೇ ದಾರಿಯಲ್ಲಿ ಬರುವ, ಟೈಫಾಯಿಡಿನಂಥದೇ ಇನ್ನೊಂದು ಜ್ವರವಾದ ಪ್ಯಾರಾಟೈಫಾಯಿಡ್‌ಗೆ ಈ ಲಸಿಕೆಗಳು ತಡೆಯಲ್ಲ. ಆದ್ದರಿಂದ ಲಸಿಕೆ ಆದಮೇಲೂ ನೀರಿನ ಎಚ್ಚರ ಬಿಡುವಂತಿಲ್ಲ.

ನೀರು ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು. ಕಾಠ್ಮಂಡುವಿನಲ್ಲಿ ಹಾಗೆ ಒಂದು ನಿಮಿಷ ಕುದಿಸಿದರೆ ಆಯಿತು. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಅಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯಲು ಶುರುವಾಗುತ್ತದೆ, ಹಾಗಾಗಿ ಮೂರು ನಿಮಿಷ ಬಿಡಬೇಕು. ಬಾಟಲಿ ಕೊಂಡರೆ ಮುಚ್ಚಳ ತಿರುವುವಾಗ ಸೀಲ್ ಕಟ್ ಎಂದು ಮುರಿಯಬೇಕು. ಹಲ್ಲುಜ್ಜುವುದಕ್ಕೂ ಇದೇ ನೀರು. ಐಸ್‌ನ ತಣ್ಣಗೆ ಈ ರೋಗಾಣು ಸಾಯುವುದಿಲ್ಲ, ಆದ್ದರಿಂದ ಐಸ್ ಹಾಕಿದ ಲಸ್ಸಿ, ಕಬ್ಬಿನ ಹಾಲು ಬೇಡ. ಹಸಿ ಚಟ್ನಿ, ಹೆಚ್ಚಿಟ್ಟ ಸೌತೆಕಾಯಿ, ಪಾನಿಪುರಿಯ ಪಾನಿಯೂ ಬೇಡ. ಹಬೆಯಾಡುವ ದಾಲ್-ಭಾತ್ ಧಾರಾಳವಾಗಿ ಉಣ್ಣಿ.

ಇನ್ನು ನಮ್ಮ ಯಾತ್ರೆಯ ಬಸ್ಸುಗಳಲ್ಲಿ ಅಡುಗೆಯವರನ್ನು ಕರೆದುಕೊಂಡೇ ಹೋಗುವ ಪದ್ಧತಿ. ಒಳ್ಳೆಯದೇ. ಆದರೆ ಟೈಫಾಯಿಡ್ ಬಂದ ನೂರರಲ್ಲಿ ಎರಡರಿಂದ ಐದು ಮಂದಿಯ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿದುಬಿಡುತ್ತದೆ. ಅವರಿಗೆ ಜ್ವರವೂ ಇರುವುದಿಲ್ಲ, ಮೈಕೈ ನೋವೂ ಇರುವುದಿಲ್ಲ. ಅಂಥವರು ಸೌಟು ಹಿಡಿದರೆ ಇಡೀ ಬಸ್ಸಿಗೆ ಹಂಚಿದಂತೆ. ಬಸ್ ಮಾತಾಡುವಾಗಲೇ ಆಯೋಜಕರಿಗೆ ಹೇಳಿ: ಪಾಯಖಾನೆಯಿಂದ ಬಂದಮೇಲೆ, ಹಿಟ್ಟು ನಾದುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು, ಅದಕ್ಕೆ ಒಂದು ಕೊಡ ನೀರು ಬೇರೆಯೇ ಇಡಬೇಕು. ಕೊಳೆಯಾದ ಕೈಗೆ ಸ್ಯಾನಿಟೈಸರ್ ಸವರಿದರೆ ಕೆಲಸ ಆಗುವುದಿಲ್ಲ.

ನನಗೆ ಹೆಚ್ಚು ಸಿಟ್ಟು ಬರುವುದು ಊರಿಗೆ ಮರಳಿದ ಮೇಲೆ ನಡೆಯುವುದರ ಬಗ್ಗೆ. ರೋಗಾಣು ಒಳಹೊಕ್ಕು ಒಂದೆರಡು ವಾರಕ್ಕೆ, ಕೆಲವೊಮ್ಮೆ ತಿಂಗಳಿಗೆ ಜ್ವರ ಏಳುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಪ್ರೊ ಎಂಬ ಆ್ಯಂಟಿಬಯಾಟಿಕ್‌ನ ನಾಲ್ಕು ಮಾತ್ರೆ, ಆಮೇಲೆ ಟೈಫಾಯಿಡ್ ಇದೆಯೇ ಎಂದು ನೋಡಲು ವಿಡಾಲ್ ಎಂಬ ರಕ್ತದ ಟೆಸ್ಟ್! ದಕ್ಷಿಣ ಏಷ್ಯಾದ ಬಹುತೇಕ ಟೈಫಾಯಿಡಿಗೆ ಸಿಪ್ರೊ ನಾಟುವುದಿಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹಬ್ಬಿದ ತಳಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಇಂಜೆಕ್ಷನ್ ಕೂಡ ನಾಟದು. ವಿಡಾಲ್ ಅಂತೂ ನಮ್ಮ ಕಡೆ ಹಳೆಯ ಸೋಂಕಿನಿಂದಲೂ ಪಾಸಿಟಿವ್ ಬರುತ್ತದೆ.

ಜ್ವರ ಮೂರು ದಿನ ದಾಟಿದರೆ ಆ್ಯಂಟಿಬಯಾಟಿಕ್ ಮುಟ್ಟುವ ಮೊದಲೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿ. ದೊಡ್ಡವರಿಗೆ 8-10 ಎಂ.ಎಲ್. ರಕ್ತ ಬೇಕಾಗುತ್ತದೆ, ಕಡಿಮೆ ತೆಗೆದರೆ ರೋಗಾಣು ಸಿಗದೇ ಹೋಗಬಹುದು. ಎಲ್ಲಿಗೆ ಹೋಗಿ ಬಂದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ, ಮದ್ದಿನ ಆಯ್ಕೆ ಅದರ ಮೇಲಿದೆ. ಸರಿಯಾದ ಮದ್ದು ಶುರುವಾದರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಗಾಬರಿಯಾಗಿ ಮಾತ್ರೆ ಬದಲಿಸಬೇಡಿ, ಇಳಿಯಿತೆಂದು ಅರ್ಧಕ್ಕೆ ಬಿಡಲೂಬೇಡಿ. ಎರಡು-ಮೂರನೇ ವಾರದಲ್ಲಿ ಒಮ್ಮೆಲೇ ಹೊಟ್ಟೆನೋವು ಎದ್ದು ಹೊಟ್ಟೆ ಬಿಗಿದರೆ, ಇಲ್ಲವೇ ಮಲ ಕಪ್ಪಾಗಿ ಹೋದರೆ ಬೆಳಗಾಗಲಿ ಅಂತ ಕಾಯದೆ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ. ಕರುಳು ತೂತು ಬೀಳುವುದು, ರಕ್ತ ಸೋರುವುದು ಆ ಹೊತ್ತಿನಲ್ಲೇ.