ಪರ-ವಿರೋಧ: ನಂದಿಯ ರತ್ನಾವಳಿಯನ್ನು ಟೈಮ್ ಟ್ರಾವೆಲ್ ಕಥೆಗೆ ತರಬಹುದೇ?

ಚಿಕ್ಕಬಳ್ಳಾಪುರದ ನಮ್ಮ ಓದುಗರ ಗುಂಪಿನಲ್ಲಿ ಎದ್ದ ಪ್ರಶ್ನೆ ಇದು. ನಂದಿ ಊರಿನ ಭೋಗನಂದೀಶ್ವರ ಗುಡಿಯನ್ನು ಕಟ್ಟಿಸಿದ ರಾಣಿ ರತ್ನಾವಳಿಯನ್ನು ನಾಯಕಿ ಮಾಡಿ, ಮಕ್ಕಳಿಗಾಗಿ ಕಾಲಯಾನದ ಒಂದು ಸಾಹಸ ಕಿರುಕಾದಂಬರಿ ಬರೆಯಬಹುದೇ? ಒಬ್ಬರು ಶಾಲಾ ಶಿಕ್ಷಕಿ, ಇನ್ನೊಬ್ಬರು ಶಾಸನಗಳ ಆಸಕ್ತರು. ಇಬ್ಬರಿಗೂ ಒಂದೊಂದು ಕಡೆ ಕೊಟ್ಟು ಬರೆಸಿದ್ದೇವೆ.

ಪರ: ಖಂಡಿತ ಬರೆಯಬೇಕು

ಭೋಗನಂದೀಶ್ವರನ ಗುಡಿಗೆ ಹೋಗದ ಮನೆ ನಮ್ಮ ಕಡೆ ಇಲ್ಲ. ಶಿವರಾತ್ರಿ ತೇರಿಗೆ ಸುತ್ತಲಿನ ಹಳ್ಳಿಗಳೆಲ್ಲ ನಂದಿಯಲ್ಲೇ ಇರುತ್ತವೆ. ಆ ಗುಡಿ ಕಟ್ಟಿಸಿದ್ದು ಯಾರು ಅಂತ ನಮ್ಮ ಎಂಟನೇ ಕ್ಲಾಸಿನ ಮಕ್ಕಳನ್ನು ಕೇಳಿದೆ. ಚೋಳರು ಅಂದರು. ಒಬ್ಬ ಟಿಪ್ಪು ಅಂದ. ರತ್ನಾವಳಿ ಅಂತ ಒಂದು ಮಗುವೂ ಹೇಳಲಿಲ್ಲ.

ಅವಳು ಬಾಣ ವಂಶದ ವಿದ್ಯಾಧರನ ರಾಣಿ. ಒಂಬತ್ತನೇ ಶತಮಾನದ ಆರಂಭ, ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲ. ಸಾವಿರದ ಇನ್ನೂರು ವರ್ಷ ನಿಂತಿರುವ ಗುಡಿ ಕೊಟ್ಟವಳ ಬಗ್ಗೆ ನಮಗೆ ಉಳಿದಿರುವುದು ಒಂದೆರಡು ಸಾಲು ಮಾತ್ರ. ನನಗೆ ಇದು ತುಂಬಾ ಸಂಕಟದ ವಿಷಯ.

ಪಠ್ಯಪುಸ್ತಕದಲ್ಲಿ ಆ ಒಂದೆರಡು ಸಾಲನ್ನು ಬೆಳೆಸಲು ಆಗಲ್ಲ. ಕಥೆಯಲ್ಲಿ ಆಗುತ್ತದೆ. ಅದರಲ್ಲೂ ಕಾಲಯಾನದ ಕಥೆಯಲ್ಲಿ ಚೆನ್ನಾಗಿ ಆಗುತ್ತದೆ. ಮಾಮೂಲಿ ಐತಿಹಾಸಿಕ ಕಾದಂಬರಿಯಲ್ಲಿ ಎಲ್ಲರೂ ಆ ಕಾಲದವರೇ. ಅವರಿಗೆ ಅಲ್ಲಿನ ಯಾವುದೂ ಹೊಸದಲ್ಲ, ಹಾಗಾಗಿ ಯಾರೂ ಏನನ್ನೂ ಕೇಳುವುದಿಲ್ಲ. ನಮ್ಮ ಶಿಡ್ಲಘಟ್ಟದ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿ ಬೀಳಲಿ, ಆಗ ನೋಡಿ. ಹಸಿವಾಗಿ ಅಡುಗೆಮನೆಗೆ ನುಗ್ಗುತ್ತಾಳೆ. ಮೆಣಸಿನಕಾಯಿ ಇಲ್ಲ. ಟೊಮೆಟೊ ಇಲ್ಲ. ಆಲೂಗಡ್ಡೆ, ಕಡಲೆಕಾಯಿ ಯಾವುದೂ ಇಲ್ಲ. ಅವೆಲ್ಲ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ನಮ್ಮ ನೆಲಕ್ಕೆ ಬಂದಿದ್ದು 1498ರಲ್ಲಿ ಪೋರ್ಚುಗೀಸರು ಕಾಲಿಟ್ಟ ಮೇಲೆ. ಖಾರಕ್ಕೆ ಕರಿಮೆಣಸು, ಹುಳಿಗೆ ಹುಣಸೆಹಣ್ಣು. ಪುಣ್ಯಕ್ಕೆ ರಾಗಿ ಇದೆ! ಹೊರಗೆ ಬಂದು ಹಿಪ್ಪುನೇರಳೆ ತೋಟ ಹುಡುಕುತ್ತಾಳೆ. ಅದೂ ಇಲ್ಲ. ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆ ಬೇರೂರಿದ್ದು ಟಿಪ್ಪು ಕಾಲದಲ್ಲಿ. ಆಸ್ಟ್ರೇಲಿಯಾದ ನೀಲಗಿರಿ ಮರವಂತೂ ಬೆಟ್ಟದ ಸುತ್ತ ಒಂದೂ ಇಲ್ಲ. ಇಷ್ಟು ವಿಷಯವನ್ನು ಪಾಠ ಮಾಡಿ ಹೇಳಿದರೆ ಅರ್ಧ ತರಗತಿ ನಿದ್ದೆ ಹೋಗುತ್ತದೆ. ಹಸಿದ ಹುಡುಗಿಯ ಜೊತೆ ಹೋದರೆ ಒಂದೂ ಮರೆಯುವುದಿಲ್ಲ.

ಆಮೇಲೆ ರತ್ನಾವಳಿ ಇಲ್ಲಿಗೆ ಬರಲಿ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಮೂರೂ ಹುಟ್ಟುವುದು ನಂದಿ ಬೆಟ್ಟಗಳ ಸಾಲಿನಲ್ಲೇ. ಹೊಳೆ ಎಲ್ಲಿ ಹೋಯಿತು ಅಂತ ರಾಣಿ ಕೇಳಿದರೆ ನಮ್ಮ ಹುಡುಗಿ ಏನು ಹೇಳಬೇಕು? ಸಾವಿರ ಅಡಿ ಕೊರೆದರೂ ಬತ್ತಿದ ಬೋರ್‌ವೆಲ್ ತೋರಿಸಬೇಕಾ? ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯ ಪೈಪಿನಲ್ಲಿ ನಮ್ಮ ಕೆರೆಗೆ ಬಿಡುವುದನ್ನು ತೋರಿಸಬೇಕಾ? ಈ ಒಂದು ಅಧ್ಯಾಯಕ್ಕಾಗಿಯಾದರೂ ಪುಸ್ತಕ ಬರಲೇಬೇಕು ಅನ್ನುತ್ತೇನೆ ನಾನು.

ಟೈಮ್ ಟ್ರಾವೆಲ್ ನಮ್ಮದಲ್ಲ, ಹೊರಗಿನದು ಅನ್ನುವವರೂ ಇದ್ದಾರೆ. ಭಾಗವತದ ರೇವತಿ ಯಾರ ಕಥೆ ಹಾಗಾದರೆ? ಕಕುದ್ಮಿ ರಾಜ ಮಗಳಿಗೆ ವರ ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿತ್ತು, ಮುಗಿಯಲಿ ಅಂತ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಗಿರುತ್ತವೆ. ರೇವತಿ ಆ ಹೊಸ ಕಾಲಕ್ಕೆ ಇಳಿದು ಬಂದು ಬಲರಾಮನನ್ನು ಮದುವೆಯಾಗುತ್ತಾಳೆ. ಇದನ್ನು ನಮ್ಮಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದರು. ಅವರಿಗೆ ಯಾವ ಸಿನಿಮಾವೂ ಹೇಳಿಕೊಟ್ಟಿರಲಿಲ್ಲ.

ಮಕ್ಕಳು ಕಥೆಯನ್ನೇ ಚರಿತ್ರೆ ಅಂದುಕೊಳ್ಳುತ್ತಾರೆ ಅಂತ ಎದುರು ಕಡೆಯವರ ಭಯ. ರಾಣಿ ಚಿಂತಾಮಣಿ ಬಸ್ ಹತ್ತಿದಳು ಅಂತ ಓದಿದ ಮಗು, ಬಾಣರ ಕಾಲದಲ್ಲಿ ಬಸ್ ಇತ್ತು ಅಂತ ಪರೀಕ್ಷೆಯಲ್ಲಿ ಬರೆಯುತ್ತದೆಯೇ? ನಮ್ಮ ಮಕ್ಕಳು ಅಷ್ಟು ದಡ್ಡರಲ್ಲ. ನಾನು ದಿನಾ ಅವರ ಜೊತೆ ಇರುವವಳು.

ವಿರೋಧ: ಸಾಹಸ ಬೇಡ

ಈ ಕಡೆ ನೀವು ಬರೆಯಿರಿ ಅಂದರು, ಒಪ್ಪಿಕೊಂಡೆ. ನನ್ನ ಅರ್ಧ ಮನಸ್ಸು ಮೇಡಂ ಕಡೆಗೇ ಇದೆ. ಟೊಮೆಟೊ, ನೀರಿನ ಮಾತು ಚೆನ್ನಾಗಿದೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ. ಉಳಿದ ಅರ್ಧದ ಬಗ್ಗೆ ಹೇಳುತ್ತೇನೆ.

ಸಾಹಸ ಕಥೆ ಅಂದಮೇಲೆ ಕುದುರೆ ಬರುತ್ತದೆ, ಕತ್ತಿ ಬರುತ್ತದೆ. ರತ್ನಾವಳಿ ಗುಡಿ ಕಟ್ಟಿಸಿದವಳು. ಅವಳು ಕತ್ತಿ ಹಿಡಿದಳು ಅಂತ ಎಲ್ಲೂ ಇಲ್ಲ. ಗುಡಿ ಅಂದರೆ ಕಲ್ಲು ತರಿಸಬೇಕು, ಕಲ್ಲುಕುಟಿಗರಿಗೆ ವರ್ಷಗಟ್ಟಲೆ ಊಟ ಹಾಕಬೇಕು, ಪೂಜೆ ನಿಲ್ಲದ ಹಾಗೆ ಏರ್ಪಾಡು ಮಾಡಬೇಕು. ಅವಳ ಕೈಗೆ ಕತ್ತಿ ಕೊಟ್ಟರೆ ಅವಳು ನಿಜವಾಗಿ ಮಾಡಿದ ಕೆಲಸ ಸಣ್ಣದಾಗಿ ಕಾಣುತ್ತದೆ.

ನಮ್ಮೂರು ಗೌರಿಬಿದನೂರು ಕಡೆ. ಕೆರೆ ಏರಿ ಮೇಲೆ ಒಂದು ಕಲ್ಲಿದೆ. ಕೆರೆಗೆ ಬಿದ್ದು ಸತ್ತ ಗಂಡ ಹೆಂಡತಿಯ ಕಲ್ಲು ಅಂತ ಊರೆಲ್ಲ ಹೇಳುತ್ತಿತ್ತು. ನಮ್ಮಮ್ಮನೂ ಹಾಗೇ ಹೇಳಿ ನನ್ನ ಕೈಯಲ್ಲಿ ಅರಿಶಿನ ಕುಂಕುಮ ಇಡಿಸುತ್ತಿದ್ದರು. ಮುಂದೆ ಶಾಸನ ಓದಬಲ್ಲ ಒಬ್ಬರು ಬಂದರು. ಎಣ್ಣೆ ಜಿಡ್ಡೆಲ್ಲ ತೊಳೆದು, ಒದ್ದೆ ಕಾಗದ ಹಾಕಿ ಅಚ್ಚು ತೆಗೆದರು. ಅದು ವೀರಗಲ್ಲು. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತ ಒಬ್ಬ ಆಳಿನದು. ಕೆಳಗೆ ಜಗಳ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಹೆಂಡತಿ ಅಂದುಕೊಂಡಿದ್ದು ಅಪ್ಸರೆಯನ್ನು! ಅವನ ಹೆಸರೂ ಅದರಲ್ಲಿತ್ತು. ನಾನು ಮನೆಮನೆಗೆ ಹೋಗಿ ಹೇಳಿದೆ. ಯಾರಿಗೂ ಬೇಕಾಗಲಿಲ್ಲ. ಅಮ್ಮ ಕೊನೆವರೆಗೂ ಗಂಡ ಹೆಂಡತಿ ಅಂತಲೇ ಹೇಳಿದರು. ಊರಿನ ದನ ಉಳಿಸಲು ಸತ್ತವನ ಹೆಸರು ಅದೇ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅದು ನನಗೆ ಈಗಲೂ ನೋವು ಕೊಡುತ್ತದೆ.

ಹಾಗಾಗಿ ಶಾಸನ ಮೊದಲು ಬರಲಿ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲೇ ಸಂಪುಟ ಮಾಡಿ ಅಚ್ಚು ಹಾಕಿಸಿದ್ದಾರೆ. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ ಆಗಿದ್ದರಿಂದ ನಮ್ಮ ಕಲ್ಲುಗಳೂ ಅದರಲ್ಲಿವೆ. ಗೊತ್ತಿರುವುದು ಏನು, ಊಹೆ ಎಲ್ಲಿಂದ ಶುರು ಅಂತ ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಲಿ. ಮೇಡಂ ಇದಕ್ಕೆ ಒಪ್ಪಿದರೆ ಕರಡು ತಿದ್ದಲು ನಾನೇ ಕೂರುತ್ತೇನೆ. ಕತ್ತಿಗೆ ಮಾತ್ರ ನಾನು ಒಪ್ಪುವುದಿಲ್ಲ.