ಗಡಿಯಾರದ ಥರ 65

ನಮ್ಮಪ್ಪನಿಗೆ ಪೇಸ್‌ಮೇಕರ್, ಅಂದ್ರೆ ಹೃದಯ ನಿಧಾನವಾದಾಗ ಅದನ್ನು ಬಡಿಸುವ ಪುಟ್ಟ ಮಷೀನ್, ಹಾಕಿಸಿದ್ದು 2014ರಲ್ಲಿ. ಊರಲ್ಲೆಲ್ಲ "ಮೇಷ್ಟ್ರ ಎದೆಗೆ ಬ್ಯಾಟರಿ ಕೂರಿಸಿದಾರಂತೆ" ಅಂತ ಸುದ್ದಿ. ಆಪರೇಷನ್ ಚೆನ್ನಾಗಿಯೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಡಿಸ್ಚಾರ್ಜ್ ದಿನ ಒಂದು ಫೈಲ್ ಕೊಟ್ಟರು. ಅದರ ಕೊನೇ ಪುಟದಲ್ಲಿ, ಮಾತ್ರೆಗಳ ಕೆಳಗೆ, ಡಿವೈಸ್ ಚೆಕಪ್‌ಗೆ ಬರಬೇಕು ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಮೊದಲ ಮೂರ್ನಾಲ್ಕು ವರ್ಷ ಹೋದೆವು. ಆಮೇಲೆ ಅಪ್ಪ "ಚೆನ್ನಾಗೇ ಇದೀನಲ್ಲೋ, ಸುಮ್ನೆ ಬೆಂಗಳೂರಿಗೆ ಯಾಕೆ" ಅನ್ನೋಕೆ ಶುರು ಮಾಡಿದರು. ಅಷ್ಟರಲ್ಲಿ ಕೊರೊನಾ ಬಂತು. ಅದು ಹೋದ ಮೇಲೆ ನಾವೂ ಮರೆತೆವು. ತಪ್ಪು ನಮ್ಮದೂ ಇದೆ, ಇಲ್ಲ ಅನ್ನಲ್ಲ.

ಕಳೆದ ವರ್ಷ ಅಪ್ಪನಿಗೆ ಸುಸ್ತು. ತೋಟಕ್ಕೆ ಹೋಗಿ ಬಂದರೆ ಜಗಲಿ ಮೇಲೆ ಕುಸಿದು ಕೂರುತ್ತಿದ್ದರು. ವಯಸ್ಸಾಯ್ತಲ್ಲ ಅಂದುಕೊಂಡೆವು. ಮನೆಯ ಬಿಪಿ ಮಷೀನಿನಲ್ಲಿ ನಾಡಿ ಬೆಳಗ್ಗೆ 65, ಸಂಜೆ 65, ಮೆಟ್ಟಿಲು ಹತ್ತಿ ಬಂದ ಮೇಲೂ 65. ಅಮ್ಮನಿಗೆ ಖುಷಿ. "ಗಡಿಯಾರ ಇದ್ದಂಗಿದೆ ನೋಡು ನಿಮ್ಮಪ್ಪನ ಎದೆ!"

ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಪೇಸ್‌ಮೇಕರ್ ಚೆಕ್ ಮಾಡುವ ಮಷೀನ್ ಅಲ್ಲಿರಲಿಲ್ಲ. ಒಂದು ಕಂಪನಿಯ ಡಿವೈಸನ್ನು ಇನ್ನೊಂದು ಕಂಪನಿಯ ಮಷೀನ್ ಓದುವುದಿಲ್ಲ ಅನ್ನೋದು ನನಗೆ ಗೊತ್ತಾಗಿದ್ದೇ ಆವತ್ತು. ಕೊನೆಗೆ ಬೆಂಗಳೂರಿಗೇ ಹೋದೆವು. ಕಂಪನಿಯ ಹುಡುಗ ಲ್ಯಾಪ್‌ಟಾಪಿನಂಥ ಮಷೀನ್ ತಂದ. ಮೌಸಿಗಿಂತ ಸ್ವಲ್ಪ ದೊಡ್ಡದೊಂದನ್ನು ಅಪ್ಪನ ಎಡ ಭುಜದ ಕೆಳಗೆ, ಅಂಗಿ ಮೇಲೇ ಇಟ್ಟ. ಪರದೆ ಮೇಲೆ ಗೆರೆಗಳು ಓಡಿದವು. "ಅಂಕಲ್, ಈಗ ಸ್ವಲ್ಪ ಜೋರಾಗಿ ಬಡಿಯುತ್ತೆ, ಹೆದರಬೇಡಿ" ಅಂದ. ಅಪ್ಪ ನನ್ನ ಕೈ ಹಿಡಿದುಕೊಂಡರು. ಆಮೇಲೆ ಆ ಹುಡುಗ ನನ್ನ ಕಡೆ ತಿರುಗಿ, "ಬ್ಯಾಟರಿ ಬದಲಿಸೋ ಹಂತಕ್ಕೆ ಬಂದು ಎರಡು ತಿಂಗಳಾಗಿದೆ ಸರ್" ಅಂದ.

ವಿಷಯ ಏನಂದ್ರೆ, ಬ್ಯಾಟರಿ ಆ ಮಟ್ಟಕ್ಕೆ ಇಳಿದಾಗ ಕೆಲವು ಪೇಸ್‌ಮೇಕರ್‌ಗಳು ತಾವೇ ಉಳಿತಾಯಕ್ಕೆ ಇಳಿಯುತ್ತವೆ. ಹೃದಯದ ಮೇಲಿನ ಕೋಣೆ, ಕೆಳಗಿನ ಕೋಣೆ ಎರಡನ್ನೂ ಹೊಂದಿಸಿಕೊಂಡು ನಡೆಸುತ್ತಿದ್ದ ಡಿವೈಸ್, ಕೆಳಗಿನದನ್ನು ಮಾತ್ರ ಒಂದೇ ವೇಗದಲ್ಲಿ ಬಡಿಸುತ್ತಾ ಕೂರುತ್ತದೆ. ನಡೆದರೂ ಅಷ್ಟೇ, ಮಲಗಿದರೂ ಅಷ್ಟೇ. ಅಮ್ಮ ಖುಷಿಪಟ್ಟ ಆ 65 ಇದೇ. ಅಪ್ಪನ ಸುಸ್ತೂ ಇದೇ. ಈ ಸೂಚನೆ ಬಂದ ಮೇಲೆ ಬದಲಿಸೋಕೆ ಅಂತ ಸಾಮಾನ್ಯವಾಗಿ ಮೂರು ತಿಂಗಳಷ್ಟು ಸಮಯ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಎರಡನ್ನು ನಾವು ಜಗಲಿ ಮೇಲೆ ಕಳೆದಿದ್ದೆವು.

ನನಗೆ ಸಿಟ್ಟು ಬರೋದು ಇಲ್ಲೇ. ಬೈಕ್ ಸರ್ವಿಸ್‌ಗೆ ಶೋರೂಮಿನಿಂದ ಫೋನ್ ಬರುತ್ತೆ, ಇಎಂಐ ಒಂದು ದಿನ ತಡವಾದರೆ ಬ್ಯಾಂಕಿನವರು ಬೆಳಗ್ಗೆ ಎಂಟಕ್ಕೇ ಎಬ್ಬಿಸುತ್ತಾರೆ, ಆದರೆ ಎದೆಯೊಳಗೆ ಲಕ್ಷದ ಮಷೀನ್ ಇಟ್ಟು ಕಳಿಸಿದವರಿಂದ ಹತ್ತು ವರ್ಷದಲ್ಲಿ ಒಂದು ಮೆಸೇಜೂ ಇಲ್ಲ. ಕನ್ನಡದಲ್ಲಿ ಎರಡು ಸಾಲು, ಇಂಥ ತಿಂಗಳು ಬನ್ನಿ ಅಂತ. ಅಷ್ಟು ಕಷ್ಟವಾ? ಜಿಲ್ಲಾ ಆಸ್ಪತ್ರೆಗೆ ಕಂಪನಿಯವರು ತಿಂಗಳಿಗೊಮ್ಮೆ ಬಂದರೂ ಸಾಕು, ಎಷ್ಟೋ ಅಜ್ಜ ಅಜ್ಜಿಯರಿಗೆ ಬಸ್ಸು, ಲಾಡ್ಜು ಎಲ್ಲ ತಪ್ಪುತ್ತೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಕಿಸಿದ್ದರೆ ಮೊದಲು ಆಸ್ಪತ್ರೆಯಲ್ಲಿ ಕೊಟ್ಟ ಡಿವೈಸ್ ಕಾರ್ಡ್ ಹುಡುಕಿ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿ, ಮಾಡೆಲ್, ಹಾಕಿದ ದಿನ ಎಲ್ಲ ಅದರಲ್ಲೇ ಇರುತ್ತೆ. ಪೇಸ್‌ಮೇಕರ್ ಆದರೆ ಆರು ತಿಂಗಳಿಂದ ವರ್ಷಕ್ಕೊಮ್ಮೆ, ಹೃದಯ ಅಪಾಯದ ಮಟ್ಟಕ್ಕೆ ತಾಳ ತಪ್ಪಿದಾಗ ಶಾಕ್ ಕೊಡುವ ಐಸಿಡಿ ಆದರೆ ಮೂರರಿಂದ ಆರು ತಿಂಗಳಿಗೊಮ್ಮೆ ಚೆಕ್ ಮಾಡಿಸಬೇಕು. ಬ್ಯಾಟರಿ ಮುಗಿಯುತ್ತಾ ಬಂದರೆ ಇನ್ನೂ ಬೇಗ ಬೇಗ. ಬರೀ ಇಸಿಜಿ ಸಾಲದು, ಅದರಲ್ಲಿ ಬ್ಯಾಟರಿ ಎಷ್ಟಿದೆ ಅಂತ ಕಾಣಲ್ಲ, ಡಿವೈಸಿನಿಂದ ಹೃದಯಕ್ಕೆ ಹೋಗುವ ವೈರಿನ ಸ್ಥಿತಿಯೂ ಪೂರ್ತಿ ಗೊತ್ತಾಗಲ್ಲ.

ಬದಲಿಸೋದಕ್ಕೆ ಹೆದರೋದೂ ಬೇಡ. ಪ್ರಪಂಚದಲ್ಲಿ ಮೊದಲು ಪೇಸ್‌ಮೇಕರ್ ಒಳಗಿಟ್ಟಿದ್ದು 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಅನ್ನುವವರಿಗೆ. ಆ ಮೊದಲನೆಯದು ಒಂದು ದಿನವೂ ಬಾಳಲಿಲ್ಲ. ಪುಣ್ಯಾತ್ಮ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ ಬದುಕಿದರು!

ಅಪ್ಪನಿಗೆ ಹೊಸದು ಹಾಕಿದ್ದಾರೆ. ಬ್ಯಾಟರಿ ಒಂದನ್ನೇ ಬದಲಿಸೋಕೆ ಆಗಲ್ಲ, ಡಬ್ಬಿ ಪೂರ್ತಿ ಹೊಸದು. ವೈರುಗಳು ಚೆನ್ನಾಗಿದ್ದವು, ಅವನ್ನೇ ಉಳಿಸಿಕೊಂಡರು. ಸತ್ತ ಮೇಲೆ ಸುಡುವ ಮುಂಚೆ ಇದನ್ನು ತೆಗೆಸಬೇಕು, ಇಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯಬಹುದು ಅಂತ ಯಾರೋ ಹೇಳಿದ್ದಾರೆ. ಅದು ನಿಜವೇ. ಆವತ್ತಿಂದ ಅಪ್ಪ ಬಂದವರಿಗೆಲ್ಲ "ನನ್ನ ಕೊನೇ ಪಟಾಕಿ ಜೇಬಲ್ಲೇ ಇದೆ" ಅಂತ ಎದೆ ತಟ್ಟಿ ತೋರಿಸುತ್ತಾರೆ. ಅಮ್ಮ ಬೈದು ಒಳಗೆ ಹೋಗುತ್ತಾರೆ. ಹೋಗಿ ಬಿಪಿ ಮಷೀನ್ ತರುತ್ತಾರೆ. ನಿನ್ನೆ ತೋಟದಿಂದ ಬಂದಾಗ 88 ಇತ್ತು.